ಅವ್ವನ ಕಾಲ್ಗುಣ

ನನ್ನ ಅವ್ವ ನನ್ನ ಮನೆಯೊಳಗೆ ಒಂದು ಸಲವೂ ಕಾಲಿಟ್ಟವಳಲ್ಲ. ನಾನು ಮದುವೆಯಾಗಿ ಮಿರಜಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನನ್ನ ತವರು ಆರಗದಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಅವಳು ಬರುತ್ತಾಳೆ, ಸೆರಗಿನ ತುದಿಯಲ್ಲಿ ಮಕ್ಕಳಿಗೆ ಪುಟಾಣಿ ಬೆಲ್ಲ ಕಟ್ಟಿಕೊಂಡೇ ಬರುತ್ತಾಳೆ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂಡುತ್ತಾಳೆ, ಅಲ್ಲೇ ಉಣ್ಣುತ್ತಾಳೆ, ಅಲ್ಲೇ ಮಕ್ಕಳ ತಲೆ ಸವರುತ್ತಾಳೆ, ಸಂಜೆ ಬಸ್ಸಿಗೆ ಹೋಗಿಬಿಡುತ್ತಾಳೆ. ನನ್ನ ಎರಡೂ ಹೆರಿಗೆ ಮಿರಜಿನ ಆಸ್ಪತ್ರೆಯಲ್ಲೇ ಆದವು. ವಿಜಾಪುರ, ಬಾಗಲಕೋಟಿ ಕಡೆಯಿಂದ ಬಂದ ಗುರುತಿಲ್ಲದ ಹೆಂಗಸರೆಲ್ಲ ನನ್ನ ಹಾಸಿಗೆಯ ಸುತ್ತ ಓಡಾಡಿ ನೀರು ಕೊಟ್ಟರು. ಹೆತ್ತವಳು ಮಾತ್ರ ಗೇಟಿನ ಹೊರಗೆ ಕೂತಿದ್ದಳು.

ಕೇಳಿದರೆ ಒಂದೇ ಮಾತು. "ನನ್ನ ಕಾಲ್ಗುಣ ಚಲೋ ಇಲ್ಲ ಯೋಗಿ. ನಿನ್ನ ಮನಿ ತಣ್ಣಗಿರ್ಲಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಈ ಮಾತು ಕೇಳಿದಾಗಲೆಲ್ಲ ತಾಟು ಕುಕ್ಕಿದ್ದೇನೆ, ಬೈದಿದ್ದೇನೆ, ಒಮ್ಮೆ ಅವಳ ಕೈ ಹಿಡಿದು ಒಳಗೆ ಎಳೆದೂ ನೋಡಿದ್ದೇನೆ. ಅರವತ್ತು ದಾಟಿದ ಮುದುಕಿ, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ನಿಂತಳು. ಓಣಿಯವರೆಲ್ಲ ನೋಡಿದರು. ಆಮೇಲೆ ನಾನು ಎಳೆಯುವುದನ್ನು ಬಿಟ್ಟೆ.

ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಅವ್ವ ಸೋನಾಬಾಯಿ ಅಥಣಿ ಕಡೆಯ ಕುರಿಗಾರ ಧರೆಪ್ಪನ ಮಗಳು. ಹದಿನಾರು ವರ್ಷಕ್ಕೆ ಆರಗದ ಲಗಮಣ್ಣನಿಗೆ, ಅಂದರೆ ನಮ್ಮ ಅಪ್ಪನಿಗೆ ಕೊಟ್ಟರು. ಎಪ್ಪತ್ತೆರಡನೇ ಇಸವಿಯ ಬೇಸಿಗೆ. ಮದುವೆಯ ದಿನ ದಡ್ಡಿಯ ತುಂಬ ಇನ್ನೂರು ಕುರಿ ಇದ್ದವಂತೆ. ಸೊಸೆ ಹೊಸ್ತಿಲು ದಾಟಿ ಮೂರು ದಿನವಾಗಿರಲಿಲ್ಲ, ಕುರಿಗಳಿಗೆ ಬೇನೆ ತಗುಲಿ ದಡ್ಡಿ ಬಹುತೇಕ ಖಾಲಿಯಾಯಿತಂತೆ. ಆ ವರ್ಷ ಮಳೆಯೂ ಕೈಕೊಟ್ಟಿತು. ಮಹಾರಾಷ್ಟ್ರಕ್ಕೆ ಮಹಾರಾಷ್ಟ್ರವೇ ಬಾಯಿ ಬಿಟ್ಟ ವರ್ಷ ಅದು, ಈಗಲೂ ಮುದುಕರು 'ಬಹಾತ್ತರಚಾ ದುಷ್ಕಾಳ', ಎಪ್ಪತ್ತೆರಡರ ಬರ, ಎಂದು ಹೆಸರು ಹಿಡಿದೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಬರಕ್ಕೆ ನನ್ನ ಅವ್ವನ ಹೆಸರು. ಅಪ್ಪನ ಅವ್ವ, ನಾವು ಆಯಿ ಎನ್ನುತ್ತಿದ್ದೆವು, ಮೊದಲ ದಿನವೇ ಹೇಳಿಬಿಟ್ಟಿದ್ದಳು: "ಇಕಿ ಕಾಲ್ಗುಣ ನೆಟ್ಟಗಿಲ್ಲ. ದಡ್ಡ್ಯಾಗ ಕಾಲಿಡಬಾರ್ದು."

ಐವತ್ಮೂರು ವರ್ಷ ಅವ್ವ ದಡ್ಡಿಯೊಳಗೆ ಹೋಗಲಿಲ್ಲ. ಕುರಿಗಾರನ ಮಗಳು, ಕುರಿಗಾರನ ಹೆಂಡತಿ, ಕುರಿಯ ಮೈ ಮುಟ್ಟದೆ ಬದುಕಿದಳು. ಮುಳ್ಳುಬೇಲಿಯ ಈಚೆ ನಿಂತು ನೀರಿನ ಕೊಡ ಎತ್ತಿ ಕೊಡುತ್ತಿದ್ದಳು, ಆಚೆ ನಿಂತವರು ಇಸಿದುಕೊಳ್ಳುತ್ತಿದ್ದರು. ಹಿಂಡು ವಲಸೆ ಹೊರಡುವ ಮುಂಜಾನೆ ಅವಳನ್ನು ಒಳಗೆ ಕೂಡಿಸಿ ಬಾಗಿಲು ಮುಂದೆ ಮಾಡುತ್ತಿದ್ದರು. ನಾನು ಸಣ್ಣವಳಿದ್ದಾಗ ಆ ಬಾಗಿಲಿಗೆ ಒದ್ದು ಆಯಿಯಿಂದ ಹೊಡೆತ ತಿಂದದ್ದು ನೆನಪಿದೆ. ಮದುವೆಯಾದ ಎರಡನೇ ವರ್ಷ ಹುಟ್ಟಿದ ಮೊದಲ ಗಂಡುಕೂಸು ಹನ್ನೊಂದು ದಿನಕ್ಕೆ ಹೋಯಿತು. ಆಮೇಲೆ ಯಾರೂ ಹೇಳಬೇಕಾಗಿರಲಿಲ್ಲ, ಅವ್ವ ತಾನೇ ತನ್ನ ಕಾಲನ್ನು ಎಲ್ಲರ ಮನೆಯಿಂದ ದೂರ ಇಟ್ಟುಕೊಂಡಳು. ಆಯಿ ಸತ್ತು ಮೂವತ್ತು ವರ್ಷವಾದರೂ ಅವಳ ಮಾತು ಸಾಯಲಿಲ್ಲ.

ಹೋದ ವರ್ಷ ನಾವು ರೈಲ್ವೆ ಹಳಿಯ ಆಚೆ ಸ್ವಂತದ್ದೆಂದು ಎರಡು ಕೋಣೆ ಕಟ್ಟಲು ಹಿಡಿದೆವು. ನನ್ನ ಗಂಡ ಬಾಬು ಇಲ್ಲಿಯ ಸಾ-ಮಿಲ್ಲಿನಲ್ಲಿ ಮಶೀನು ನಡೆಸುತ್ತಾನೆ. ಊರವರ ಬಾಗಿಲು ಕಿಟಕಿಗೆಲ್ಲ ಕಟ್ಟಿಗೆ ಕೊಯ್ಯುವವನ ಮನೆಗೆ ಒಳ್ಳೆಯ ಚೌಕಟ್ಟು ಇಲ್ಲದಿದ್ದರೆ ಹೇಗೆ? ಅಪ್ಪ ಕೇಳದೆಯೇ ಹೇಳಿದ: "ಮಡ್ಡಿ ಮ್ಯಾಲಿನ ಸಾಗವಾನಿ ಕಡದ ಕೊಡ್ತೇನಿ. ಮಗಳ ಮನಿಗಿ ನನ್ನ ಕಡಿಂದ ಹೊಸ್ತಿಲಾ, ಬಾಗಲಾ." ನಮ್ಮ ಅಜ್ಜ ಹಚ್ಚಿದ ಮರ. ಬಾವಿ ಇಲ್ಲ, ಕಾಲುವೆ ಇಲ್ಲ, ಕಲ್ಲುಗುಡ್ಡದ ಮೇಲೆ ಮಳೆಯೊಂದನ್ನೇ ನಂಬಿ ನಿಂತಿದ್ದ ಮರ. ಫಾರೆಸ್ಟಿನವರ ಪರವಾನಗಿ ತಗೊಂಡು, ದೀಪಾವಳಿ ಮುಗಿದ ಮೇಲೆ ಕಡಿದು, ಟೆಂಪೋದಲ್ಲಿ ಹಾಕಿಕೊಂಡು ಅಪ್ಪ ತಾನೇ ಮಿಲ್ಲಿಗೆ ಬಂದ.

ಮಿಲ್ಲಿಗೆ ತರತರದ ಜನ ಬರುತ್ತಾರೆ. ಸಿತಾರ ಮಾಡುವವರು ಬಂದು ತೂನ್ ಕಟ್ಟಿಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಆವತ್ತು ಪುಣೆಯ ಹುಡುಗನೊಬ್ಬ ಬಂದಿದ್ದ, ಹೆಸರು ಹರ್ಷದ, ದೊಡ್ಡ ಕನ್ನಡಕ. ಮರದ ಉಂಗುರ ನೋಡಿ ಹಿಂದಿನ ಕಾಲದ ಮಳೆ ಹೇಳುವ ಓದಂತೆ ಅವನದು. ಸಾಂಗಲಿ, ಮಿರಜಿನ ಮಿಲ್ಲುಗಳನ್ನೆಲ್ಲ ಸುತ್ತಿ, ಹಳೆ ವಾಡೆಗಳ ತೊಲೆಯಿಂದಲೂ ಹೊಸದಾಗಿ ಕಡಿದ ಮರದಿಂದಲೂ ರೊಟ್ಟಿಯಂಥ ಒಂದೊಂದು ಬಿಲ್ಲೆ ಕೊಯ್ಯಿಸಿಕೊಂಡು ಹೋಗುತ್ತಿದ್ದ. ನಮ್ಮ ಮರದ ಬುಡದಿಂದಲೂ ಒಂದು ಬಿಲ್ಲೆ ಕೇಳಿದ.

"ಮಾವಶಿ, ಬಿಸಿಲಲ್ಲಿ ಬರೀ ಮಳೆ ನಂಬಿ ಬೆಳೆದ ಮರ ಸಿಗುವುದು ಅಪರೂಪ," ಎಂದ ಮರಾಠಿಯಲ್ಲಿ. ನನಗೆ ನಲವತ್ಮೂರು, ಅವನಿಗೆ ಮೂವತ್ತಾದರೂ ಇದ್ದೀತು. ಮಾವಶಿಯಂತೆ, ಚಿಕ್ಕವ್ವನಂತೆ!

"ಉಂಗುರ ನೋಡಿ ಏನು ತಿಳಿಯುತ್ತದೆ?" ಎಂದು ಕೇಳಿದೆ.

ಅವನು ಬಗ್ಗಿ ಬುಡ ತೋರಿಸಿದ. ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾಗಿ ಆದ ವರ್ಷ ಅಗಲ, ಬರ ಬಿದ್ದ ವರ್ಷ ಸಣ್ಣ. ಮಳೆ ಅಳೆದು ಬರೆದಿಡುವ ಪದ್ಧತಿ ಬರುವ ಮೊದಲು ಈ ಸೀಮೆಯಲ್ಲಿ ಯಾವ ವರ್ಷ ಬರ, ಯಾವ ವರ್ಷ ಸುಗ್ಗಿ, ಅದನ್ನು ಹಳೆಯ ತೊಲೆಗಳಿಂದ ತಿಳಿಯಬಹುದು. ಆದರೆ ಮೊದಲು ಇಂಥ ಹೊಸ ಮರಗಳನ್ನು, ದಾಖಲೆಯಲ್ಲಿರುವ ಮಳೆಯ ಜೊತೆ ಹೊಂದಿಸಿ ನೋಡಬೇಕು. ಇಲ್ಲದಿದ್ದರೆ ಹಳೆ ತೊಲೆ ಹೇಳಿದ್ದನ್ನು ನಂಬುವುದು ಹೇಗೆ?

ನಾನೂ ಬಗ್ಗಿದೆ. "ಎಪ್ಪತ್ತೆರಡನೇ ಇಸವಿ ತೋರಿಸು," ಎಂದೆ.

"ಈಗಲೇ ಆಗುವುದಿಲ್ಲ ಮಾವಶಿ. ತಿಕ್ಕಿ ನಯ ಮಾಡಬೇಕು, ಬೇರೆ ಮರಗಳ ಜೊತೆ ಹೊಂದಿಸಬೇಕು. ಸುಮ್ಮನೆ ಎಣಿಸಿದರೆ ಮೋಸ ಹೋಗುತ್ತೇವೆ." ನನ್ನ ಫೋನ್ ನಂಬರು ಬರೆದುಕೊಂಡು ಬಿಲ್ಲೆ ಹಿಡಿದು ಹೊರಟ.

ನನಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಬಾಬುವಿನ ಹತ್ತಿರ ಉಳಿದ ಬುಡವನ್ನು ರಂದಾ ಹಾಕಿ ನಯ ಮಾಡಿಸಿದೆ. ಸೀರೆಯ ಪಿನ್ನು ತೆಗೆದೆ. ತೊಗಟೆಯ ಕಡೆಯಿಂದ ಒಳಗೆ ಒಂದೊಂದೇ ಗೆರೆ ಚುಚ್ಚುತ್ತ, ಹತ್ತಕ್ಕೊಂದು ಸುಣ್ಣದ ಚುಕ್ಕಿ ಇಡುತ್ತ ಎಣಿಸಿದೆ. ಅಪ್ಪ ಎದುರಿನ ದಿಮ್ಮಿಯ ಮೇಲೆ ಕೂತಿದ್ದ. ಬೀಡಿ ಹಚ್ಚಿರಲಿಲ್ಲ, ಬೆರಳಲ್ಲೇ ಹಿಡಿದುಕೊಂಡಿದ್ದ.

"ಏನ್ ಮಾಡಾಕತ್ತಿ?"

"ಅವ್ವನ ಕಾಲ್ಗುಣ ಎಣಸಾಕತ್ತೇನಿ," ಎಂದೆ. ನನ್ನ ಬಾಯಿಯೇ ಹಾಗೆ.

ಐವತ್ತು, ಐವತ್ತೊಂದು, ಐವತ್ತೆರಡು, ಐವತ್ಮೂರು. ಅಲ್ಲಿ ಎಪ್ಪತ್ತೆರಡು. ಕೂದಲೆಳೆಯಂಥ ಸಣ್ಣ ಗೆರೆ. ಅದರ ಒಳಗಿನದು, ಎಪ್ಪತ್ತೊಂದು, ಬೆರಳಗಲ. ಒಂದಲ್ಲ, ಮೂರು ಸಲ ಎಣಿಸಿದೆ. ಮೂರು ಸಲವೂ ಅಷ್ಟೇ. ಅವ್ವ ಬರುವ ಹಿಂದಿನ ವರ್ಷದ ತನಕ ಮರ ಮೈತುಂಬ ಉಂಡಿದೆ, ಅವಳು ಬಂದ ವರ್ಷದಿಂದ ಉಪವಾಸ ಬಿದ್ದಿದೆ. ಆಯಿ ಸ್ವರ್ಗದಲ್ಲಿ ಕೂತು ನಕ್ಕಂತಾಯಿತು. ಮನುಷ್ಯರು ಸುಳ್ಳು ಹೇಳಿಯಾರು, ಮರವೂ ಅವ್ವನ ಮೇಲೆಯೇ ಸಾಕ್ಷಿ ಹೇಳಿತಲ್ಲ! ಪಿನ್ನು ಒಗೆದು ಅಳುತ್ತ ಕೂತೆ.

"ಆತಲ್ಲ, ಬಿಡು," ಎಂದ ಅಪ್ಪ. "ಮರಾನ ಹೇಳ್ತು. ಇನ್ನ ಆ ಮಾತ ತಗೀಬ್ಯಾಡ." ಬೀಡಿ ಹಚ್ಚಿದ. ಆವತ್ತು ಒಂದರ ಹಿಂದೆ ಒಂದು ಎರಡು ಚಹಾ ಕುಡಿದ, ಬಾಬುವಿನ ಜೊತೆ ನಗೆಚಾಟಿಕೆಯನ್ನೂ ಮಾಡಿದ. ಮಗಳು ಅಳುತ್ತಿದ್ದಾಳೆ, ಮುದುಕನಿಗೆ ಚಹಾ ರುಚಿಸುತ್ತಿದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಏನೂ ಹೊಳೆಯಲಿಲ್ಲ.

ಅವ್ವನಿಗೆ ನಾನು ಇದನ್ನು ಹೇಳಲಿಲ್ಲ. ಬಾಬು ಆ ಮರದಿಂದಲೇ ಚೌಕಟ್ಟು ಮಾಡಿದ, ಹೊಸ್ತಿಲು ಮಾಡಿದ. ಸಂಕ್ರಾಂತಿ ಮುಗಿದು ಗೋಡೆಗೆ ಗಿಲಾವು ನಡೆದಿತ್ತು. ಆಗ ಹರ್ಷದ ಮತ್ತೆ ಮಿಲ್ಲಿಗೆ ಬಂದ, ಬಗಲಲ್ಲಿ ನಮ್ಮ ಬಿಲ್ಲೆ. ಕನ್ನಡಿಯ ಹಾಗೆ ತಿಕ್ಕಿದ್ದ, ಪೆನ್ಸಿಲಿನಿಂದ ಚುಕ್ಕಿ ಹಾಕಿದ್ದ.

ನಾನು ಎಣಿಸಿದ್ದು ಹೇಳಿದೆ. ಅವನು ನಗಲಿಲ್ಲ, ಅಷ್ಟಕ್ಕೆ ಅವನನ್ನು ಮೆಚ್ಚಿಕೊಂಡೆ.

"ನೀವು ಎರಡು ವರ್ಷ ತಪ್ಪಿದ್ದೀರಿ ಮಾವಶಿ. ತೀರಾ ಕೆಟ್ಟ ವರ್ಷ ಮರ ಸುತ್ತಲೂ ಉಂಗುರ ಹಾಕುವುದಿಲ್ಲ. ನೀವು ಎಣಿಸಿದ ಬದಿಯಲ್ಲಿ ಎರಡು ಸಾವಿರದ ಮೂರನೇ ವರ್ಷದ ಉಂಗುರವೇ ಇಲ್ಲ, ಎಪ್ಪತ್ತೆರಡರದ್ದೂ ಇಲ್ಲ. ಈ ಬದಿಯಲ್ಲಿ ನೋಡಿ, ಎರಡೂ ಇವೆ." ಕೈಯಲ್ಲಿ ಭೂತಗನ್ನಡಿ ಕೊಟ್ಟ. "ಬೇರೆ ಹನ್ನೆರಡು ಮರದ ಜೊತೆ ಹೊಂದಿಸಿದ್ದೇನೆ. ಇದು ಅರವತ್ತೊಂಬತ್ತು, ಅಗಲ ಇದೆ. ಇದು ಎಪ್ಪತ್ತು, ನೀವು ಎಪ್ಪತ್ತೆರಡು ಎಂದುಕೊಂಡದ್ದು. ಇಲ್ಲಿಂದಲೇ ಸಣ್ಣ. ಎಪ್ಪತ್ತೊಂದು ಇನ್ನೂ ಸಣ್ಣ. ಎಪ್ಪತ್ತೆರಡು ಬರುವ ಹೊತ್ತಿಗೆ ಈ ಮಡ್ಡಿ ಎರಡು ವರ್ಷದಿಂದ ಒಣಗಿತ್ತು."

"ಅಂದರೆ ಬರ ಮೊದಲೇ ಬಂದಿತ್ತು?"

"ಮೊದಲೇ. ಎರಡು ವರ್ಷ ಮೊದಲೇ."

ಅವ್ವ ಬರುವ ಮೊದಲೇ! ನಾನು ಅಲ್ಲೇ ಕಿರುಚಿದೆ. ಮಶೀನಿನ ಸದ್ದಿನಲ್ಲೂ ಬಾಬು ಓಡಿ ಬಂದ, ಯಾರದೋ ಕೈ ಹೋಯಿತೆಂದು ತಿಳಿದು. ಹರ್ಷದನ ಗದ್ದ ಹಿಡಿದು ಮುದ್ದಿಟ್ಟೆ, ಅವನ ಕನ್ನಡಕ ಸೊಟ್ಟಗಾಯಿತು. ಬಿಲ್ಲೆ ಒಂದು ದಿನಕ್ಕೆ ಕೊಡು ಎಂದು ಬೇಡಿ, ಹಳೆ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಆರಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಕನಸು. ವಾಸ್ತುಶಾಂತಿಯ ದಿನ ಎಲ್ಲರಿಗಿಂತ ಮೊದಲು ಅವ್ವ ಬಲಗಾಲಿಟ್ಟು ಒಳಗೆ ಬರಬೇಕು.

ಅಂಗಳದಲ್ಲಿ ಅವ್ವ ಜೋಳ ಕೇರುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ನಾನು ಬಿಲ್ಲೆ ಅವಳ ಮುಂದೆ ಇಟ್ಟು, ಬೆರಳು ಹಿಡಿದು ಒಂದೊಂದೇ ಗೆರೆ ಮುಟ್ಟಿಸಿ ಹೇಳಿದೆ. "ಇದು ನೀ ಬಂದ ವರ್ಷ. ಇದು ಅದರ ಹಿಂದಿಂದು, ನೋಡ ಹೆಂಗ ಸಣಕಲ ಐತಿ. ಇದು ಅದರ ಹಿಂದಿಂದು. ನೀ ಇನ್ನ ನಿಮ್ಮಪ್ಪನ ಮನ್ಯಾಗಿದ್ದಿ ಅವ್ವಾ. ಬರ ನಿನಗಿಂತ ಎರಡ ವರ್ಷ ಮೊದಲ ಬಂದೈತಿ. ನಿನ್ನ ಕಾಲಿನ ದೋಷ ಅಲ್ಲ!"

ಅವ್ವ ಕೇರುವುದನ್ನು ನಿಲ್ಲಿಸಿದಳು. ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಎಪ್ಪತ್ತರ ಗೆರೆಯ ಮೇಲೆ ಬೆರಳು ಇಟ್ಟಳು. ಆಮೇಲೆ ತಲೆ ಎತ್ತಿ ಕಟ್ಟೆಯ ಕಡೆ ನೋಡಿದಳು.

"ಎಪ್ಪತ್ತರಾಗ ಮಡ್ಡಿ ಮ್ಯಾಲ ಹುಲ್ಲಿಲ್ಲ. ಎಪ್ಪತ್ತೊಂದರಾಗ ಹುಲ್ಲಿಲ್ಲ. ಎಪ್ಪತ್ತೆರಡರಾಗ ನಮ್ಮಪ್ಪ ಬಂದು ನಿಮ್ಮ ದಡ್ಡ್ಯಾಗ ಇನ್ನೂರ ಕುರಿ ನೋಡಿ ಹೋದ. ಮೈಕೈ ತುಂಬಿದ ಕುರಿ ಅಂತ ಊರೆಲ್ಲ ಹೇಳ್ಯಾನ. ಆ ಕುರಿ ಏನ ತಿಂದಿದ್ವುರಿ?"

ಅಪ್ಪ ಕಂಬಳಿ ಮುಂದೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಮಿಲ್ಲಿನಲ್ಲಿ ಅವನು ಕುಡಿದ ಎರಡು ಚಹಾ ನನಗೆ ಆಗ ನೆನಪಾಯಿತು.

"ಹೇಳ್ರಿ."

"ನಮ್ಮವು ಮೂವತ್ತೆರಡ ಉಳದಿದ್ವು," ಎಂದ ಅಪ್ಪ ಕೊನೆಗೆ. "ಉಳದವೆಲ್ಲ ಎಪ್ಪತ್ತೊಂದರಾಗ ಹೋಗಿದ್ವು. ಹೊಳಿ ದಂಡಿ ಮ್ಯಾಲಿನ ಬೀಗರ ಕಡಿಂದ ಕುರಿ ತಂದಿದ್ವಿ. ನೋಡಾಕ ಬಂದಾಗ ಒಮ್ಮೆ, ಲಗ್ನದಾಗ ಒಮ್ಮೆ. ಎಲ್ಲಾರೂ ಹಂಗ ಮಾಡ್ತಿದ್ರು ಆವಾಗ. ಅವರ ಹುಡಗಗ ಹೆಣ್ಣಿನವರು ಬಂದ್ರ ನಮ್ಮ ಕುರಿ ಹೋಗ್ತಿದ್ವು. ದಡ್ಡಿ ಖಾಲಿ ಇದ್ರ ಯಾರ ಹೆಣ್ಣ ಕೊಡ್ತಾರ?"

"ಬೇನಿ ಬಂದು ಸತ್ತು ಅಂದ್ರಿ. ಹಳ್ಳದಾಗ ಹುಗದ ಬಂದೇವಿ ಅಂದ್ರಿ."

"ಮೂರನೇ ದಿನ ನಸಿಕಿನ್ಯಾಗ ಹೊಡಕೊಂಡ ಹೋಗಿ ಅವರವರಿಗಿ ಮುಟ್ಟಿಸಿ ಬಂದ್ವಿ."

ಅವ್ವ ಏನೋ ಲೆಕ್ಕ ಹಾಕಿದಳು. "ಅದಕ ನನ್ನ ದಡ್ಡ್ಯಾಗ ಬಿಡಲಿಲ್ಲ."

"ನೀ ಕುರಿ ನಡುವ ಬೆಳದಾಕಿ. ಕಿವಿ ಮ್ಯಾಲಿನ ಗುರುತ ನೋಡಿದ್ರ ಇವು ಬ್ಯಾರೇದವರ ಕುರಿ ಅಂತ ಅಂದುಬಿಡ್ತಿದ್ದಿ. ನಿಮ್ಮಪ್ಪ ಇನ್ನ ಇಲ್ಲೇ ಇದ್ದ. ಮೂರ ದಿನ ನಿನ್ನ ಹೊರಗಿಡಬೇಕಾಗಿತ್ತು. ನಮ್ಮವ್ವಗ ಮತ್ತೇನೂ ಹೊಳೀಲಿಲ್ಲ, ಕಾಲ್ಗುಣ ಅಂದ್ಲು." ಅಪ್ಪನ ಧ್ವನಿ ಸಣ್ಣದಾಯಿತು. "ಮೂರ ದಿನಕ್ಕಂತ ಅಂದಿದ್ದು ಅದು. ಆಮ್ಯಾಲ ಮಳಿ ಬರಲಿಲ್ಲ. ಊರ ನಂಬ್ತು. ಕಡೀಕ ನಮ್ಮವ್ವನೂ ಖರೇನ ನಂಬಿದ್ಲು."

"ನೀವು?"

"ನಾ ಸುಮ್ಮನಿದ್ದೆ."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಪ್ಪನಿಗೆ ಅಂದೆ. ಹೆತ್ತ ಅಪ್ಪನಿಗೆ ಅನ್ನಬಾರದ್ದನ್ನೂ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀವು ಕುರಿ ಕಾಯಲಾರದೆ ಸೊಸೆಯ ಕಾಲು ಡೊಂಕು ಅಂದಿರಿ ಎಂದೆ. ಐವತ್ಮೂರು ವರ್ಷದಲ್ಲಿ ಒಂದು ದಿನವಾದರೂ, ಅವಳ ಕಿವಿಯಲ್ಲಾದರೂ ಹೇಳಬಾರದಿತ್ತೇ? ಆಯಿ ಸತ್ತ ಮೇಲಾದರೂ? ಅವನು ಎದುರಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಅವ್ವ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು. ಅವಳಿಗೆ ಬೇರೆ ಏನೋ ಕೇಳಬೇಕಾಗಿತ್ತು.

"ನನ್ನ ಕೂಸು?"

"ಕೂಸಿಗಿ ಜ್ವರ ಇತ್ತ," ಎಂದ ಅಪ್ಪ.

"ಆ ಜ್ವರ ನನ್ನ ಕಾಲಿಂದ ಬಂದಿದ್ದಲ್ಲ?"

ಅಪ್ಪ ತಲೆ ಅಲ್ಲಾಡಿಸಿದ. ಅಲ್ಲ.

"ಜ್ವರ ಬಂದ ಮ್ಯಾಲ ಆರ ದಿನ ನಾ ಅದನ್ನ ಎತಗೊಂಡಿಲ್ಲ," ಎಂದಳು ಅವ್ವ. ನನಗಲ್ಲ, ಅಪ್ಪನಿಗೂ ಅಲ್ಲ, ಬಿಲ್ಲೆಯನ್ನು ನೋಡುತ್ತ ಹೇಳಿದಳು. "ನಾ ಮುಟ್ಟಿದ್ರ ಸಾಯ್ತೈತಿ ಅಂತ ಅತ್ತಿ ಕಡೆ ಕೊಟ್ಟಿದ್ನಿ. ಹಾಲಿಗಿ ಅಳತಿತ್ತು. ನಾ ಗ್ವಾಡಿ ಆ ಕಡೆ ಕುಂತು ಕೇಳತಿದ್ನಿ. ಆಡಿನ ಹಾಲಾಗ ಅರಿವಿ ಅದ್ದಿ ಬಾಯಾಗ ಇಡತಿದ್ರು. ನನ್ನ ಎದಿ ಹಾಲ ಸುರದು ಕುಬಸ ತೊಯ್ತಿತ್ತು. ಹೋಗಲಿಲ್ಲ ನಾ."

ಇದು ನನಗೆ ಯಾರೂ ಹೇಳಿರಲಿಲ್ಲ. ನಾನು ಖುಷಿಯ ಸುದ್ದಿ ಎಂದು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದೆ. ಅವ್ವನ ಮೇಲಿನ ಒಂದು ಭಾರ ಇಳಿಸಲು ಹೋಗಿ ಇನ್ನೊಂದು ಹೊರಿಸಿದೆ, ಮೊದಲಿನದಕ್ಕಿಂತ ದೊಡ್ಡದು. ಕಾಲ್ಗುಣ ಇದ್ದಷ್ಟು ದಿನ ಕೂಸನ್ನು ದೂರ ಇಟ್ಟದ್ದಕ್ಕೊಂದು ಅರ್ಥವಿತ್ತು. ಈಗ ಅದೂ ಇಲ್ಲ.

ಅವ್ವ ಬಿಲ್ಲೆಯನ್ನು ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಆ ಹುಡಗಂದು ಅವಗ ಕೊಡ." ಮತ್ತೆ ಮೊರ ಎತ್ತಿಕೊಂಡಳು. ಅಪ್ಪ ಎರಡು ಸಲ "ಏ, ಕೇಳಿಲ್ಲಿ" ಎಂದ. ಅವಳು ಕೇರುತ್ತಲೇ ಇದ್ದಳು.

ವಾಸ್ತುಶಾಂತಿಗೆ ಇಬ್ಬರೂ ಬರುತ್ತಾರೋ ಇಲ್ಲವೋ ಎಂದು ನನಗೆ ದಿಗಿಲಿತ್ತು. ಬಂದರು. ಒಂದೇ ಬಸ್ಸಿಗೆ ಬಂದರು, ಬೇರೆ ಬೇರೆ ಸೀಟಿನಲ್ಲಿ ಕೂತು. ಅವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಾಬು ಹೊಸ್ತಿಲಿಗೆ ಎಣ್ಣೆ ಒರೆಸಿದ್ದ, ಉಂಗುರದ ಗೆರೆಗಳು ಉದ್ದುದ್ದಕ್ಕೆ ಎದ್ದು ಕಾಣುತ್ತಿದ್ದವು. ಅರಿಷಿಣ ಕುಂಕುಮ ಹಚ್ಚಿ, ಯಾರನ್ನೂ ಒಳಗೆ ಬಿಡದೆ, ಎಲ್ಲರನ್ನೂ ಹೊರಗೆ ನಿಲ್ಲಿಸಿಕೊಂಡೆ.

"ಮೊದಲ ನಮ್ಮವ್ವ," ಎಂದೆ. "ಅಕಿ ಹೋದ ಮ್ಯಾಲ ನಾವು."

ಅಪ್ಪ ಜನರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಅವ್ವ ಮೆಟ್ಟಿಲು ಹತ್ತಿ ಬಂದಳು. ನಾನು ಕೈ ಹಿಡಿದೆ, ಎಳೆಯಲಿಲ್ಲ. ಈ ಸಲ ಅವಳು ಚೌಕಟ್ಟನ್ನು ಹಿಡಿದುಕೊಳ್ಳಲಿಲ್ಲ. ಸೀರೆ ತುಸು ಎತ್ತಿ ಬಲಗಾಲು ಎತ್ತಿದಳು. ಕಾಲು ಹೊಸ್ತಿಲ ಮೇಲೆ ಗಾಳಿಯಲ್ಲಿ ನಿಂತಿತು. ಬಿರಿದ ಹಿಮ್ಮಡಿ, ಸವೆದ ಕಾಲುಂಗುರ. "ಇಡವ್ವಾ," ಎಂದೆ. "ನನ್ನವ್ವಾ, ಇಡ."

ಕಾಲು ಹಿಂದಕ್ಕೆ ಬಂತು.

ಇನ್ನೊಮ್ಮೆ ಎತ್ತಿದಳು. ಹಣೆಯ ಮೇಲೆ ಬೆವರು ಮೂಡಿತು. ಮತ್ತೆ ಹಿಂದಕ್ಕೆ ಬಂತು.

"ಮನಸಿಗಿ ತಿಳದೈತಿ ಯೋಗಿ," ಎಂದಳು. "ಕಾಲಿಗಿ ತಿಳೀವಲ್ದು."

ನನ್ನ ಕೈ ಬಿಡಿಸಿಕೊಂಡು, ಯಾವಾಗಲೂ ಕೂಡುವ ಹಾಗೆ ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಬಾಬು ಮುಹೂರ್ತ ಮೀರುತ್ತದೆ ಎಂದ, ನಾವು ಒಳಗೆ ಹೋದೆವು. ಪೂಜೆಯಾಯಿತು, ಹೋಳಿಗೆ ಊಟ ಬಡಿಸಿದೆವು. ಅವ್ವನ ತಾಟು ನಾನೇ ಹೊರಗೆ ಒಯ್ದು ಕೊಟ್ಟೆ.

ಆಗ ಅಪ್ಪ ಒಳಗಿನ ಪಂಕ್ತಿಯಿಂದ ಎದ್ದ. ತನ್ನ ತಾಟು ಹಿಡಿದುಕೊಂಡು, ಹೊಸ್ತಿಲು ದಾಟಿ ಹೊರಗೆ ಬಂದು, ಅವ್ವನ ಪಕ್ಕ ಮೆಟ್ಟಿಲ ಮೇಲೆ ಕೂತ. ಐವತ್ಮೂರು ವರ್ಷದಲ್ಲಿ ಅವನು ಅವಳ ಜೊತೆ ಹೊರಗೆ ಕೂತು ಉಂಡದ್ದು ಅದೇ ಮೊದಲು. ತನ್ನ ತಾಟಿನ ಹೋಳಿಗೆಯಲ್ಲಿ ಅರ್ಧ ಮುರಿದು ಅವಳ ತಾಟಿಗೆ ಇಟ್ಟ.

ಅವ್ವ ಆ ಹೋಳಿಗೆ ನೋಡಿದಳು. ತನ್ನ ತಾಟು ಎತ್ತಿಕೊಂಡು, ಒಂದು ಮೆಟ್ಟಿಲು ಕೆಳಗಿಳಿದು ಕೂತಳು.